ಟ್ರೇಲರ್ ಹಿಚ್ ಕೈಕೊಟ್ಟಾಗ: ಸಣ್ಣ ಎಸ್‌ಯುವಿಯಲ್ಲಿ ದೋಷ ಹುಡುಕುವ ಬಗೆ

ಸಣ್ಣ ಎಸ್‌ಯುವಿಯ ಹಿಂದೆ ಟ್ರೇಲರ್ ಕಟ್ಟಿಕೊಂಡು ಹೋಗುವವರು ಬೆಂಗಳೂರಿನಲ್ಲಿ ಇನ್ನೂ ಕಡಿಮೆಯೇ. ಆದರೂ ದೊಡ್ಡಬಳ್ಳಾಪುರದ ಕಡೆ ತೋಟ ಮಾಡಿಕೊಂಡವರು, ಬೈಕನ್ನು ರೇಸ್ ಟ್ರ್ಯಾಕಿಗೆ ಒಯ್ಯುವವರು, ವಾರಾಂತ್ಯದ ಮೇಳಗಳಿಗೆ ಮಳಿಗೆಯ ಸಾಮಾನು ಸಾಗಿಸುವವರು ಕಾರಿನ ಹಿಂಭಾಗಕ್ಕೆ ಹಿಚ್, ಅಂದರೆ ಟ್ರೇಲರ್ ಕಟ್ಟುವ ಕೊಂಡಿ, ಹಾಕಿಸುತ್ತಿದ್ದಾರೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ದೂರುಗಳೂ ಶುರುವಾಗುತ್ತವೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿಯುತ್ತದೆ. ಪ್ರತಿ ಹಂಪ್‌ಗೂ ಹಿಂದಿನಿಂದ ಟಣ್ ಎಂದು ಸದ್ದು ಬರುತ್ತದೆ. ತುಮಕೂರು ರಸ್ತೆಯಲ್ಲಿ ವೇಗ ಹಿಡಿದ ಕೂಡಲೇ ಟ್ರೇಲರ್ ಬಾಲ ಬೀಸಲು ತೊಡಗುತ್ತದೆ.

ನನ್ನ ಕೆಲಸವೇ ಇಂಥ ವಾಹನಗಳ ವೈರಿಂಗ್ ಮತ್ತು ಫಿಟ್ಟಿಂಗ್. ದೂರಿನ ಬಾಲ ಹಿಡಿದು ಹಿಂದಕ್ಕೆ ಹೋದಾಗಲೆಲ್ಲ ಬಹುಪಾಲು ಒಂದೇ ಜಾಗಕ್ಕೆ ಬಂದು ನಿಲ್ಲುತ್ತೇನೆ: ಹಿಚ್ ಆಯ್ದುಕೊಂಡ ದಿನ ಕೇಳದೆ ಬಿಟ್ಟ ಒಂದು ಪ್ರಶ್ನೆ, ಅಥವಾ ಬಿಗಿದ ದಿನ ಮಾಡದೆ ಬಿಟ್ಟ ಒಂದು ಸಣ್ಣ ಕೆಲಸ. ಆದ್ದರಿಂದ ಇಲ್ಲಿ ಆಯ್ಕೆಯಿಂದ ಆರಂಭಿಸುವುದಿಲ್ಲ. ರಸ್ತೆಯಲ್ಲಿ ಕಾಣುವ ಲಕ್ಷಣದಿಂದ ಹೊರಟು, ಅದು ಹುಟ್ಟಿದ ಜಾಗದವರೆಗೆ ಹಿಮ್ಮುಖವಾಗಿ ನಡೆಯೋಣ. ಹಿಚ್ ಇನ್ನೂ ಕೊಂಡಿಲ್ಲದವರಿಗೂ ಈ ದಾರಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೈಯಲ್ಲಿ ಇರಬೇಕಾದದ್ದು ಸ್ವಲ್ಪವೇ. ಒಂದು ಸಾಧಾರಣ ಮಲ್ಟಿಮೀಟರ್, ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ್ದೂ ಸಾಕು. 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪ್. ಎರಡೂ ತುದಿಗೆ ಕ್ಲಿಪ್ ಇರುವ ನಾಲ್ಕೈದು ಮೀಟರ್ ದಪ್ಪ ತಂತಿ. ಬಿಗಿತ ಅಳೆದು ಬೋಲ್ಟ್ ತಿರುಗಿಸುವ ಟಾರ್ಕ್ ರೆಂಚ್, ವರ್ನಿಯರ್ ಕ್ಯಾಲಿಪರ್, ಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರ. ಚಕ್ರಗಳಿಗೆ ಅಡ್ಡ ಕೊಡಲು ಮರದ ತುಂಡುಗಳನ್ನು ಮರೆಯಬೇಡಿ. ಕಾರಿನ ಕೆಳಗೆ ನುಗ್ಗುವುದಾದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ.

ಮೊದಲು ಕಾರನ್ನೂ ಟ್ರೇಲರನ್ನೂ ಬೇರ್ಪಡಿಸಿ

ಸ್ಪಾನರ್ ಹಿಡಿಯುವ ಮುನ್ನ ದೋಷ ಯಾವ ಕಡೆ ಇದೆ ಎಂದು ತೀರ್ಮಾನವಾಗಬೇಕು. ದೀಪದ ತೊಂದರೆಯಾದರೆ ಪ್ಲಗ್ ಕಿತ್ತು ಕಾರಿನ ದೀಪಗಳನ್ನು ಮಾತ್ರ ನೋಡಿ. ಅವು ಆಗಲೂ ತಪ್ಪಾಗಿ ಉರಿದರೆ ಟ್ರೇಲರ್ ಮುಟ್ಟುವ ಅಗತ್ಯವೇ ಇಲ್ಲ. ಸರಿಯಾಗಿ ಉರಿದರೆ ಕಾರಿನ ಸಾಕೆಟ್‌ಗೆ ಟೆಸ್ಟ್ ಲ್ಯಾಂಪ್ ಕೊಟ್ಟು ಒಂದೊಂದೇ ಪಿನ್ ಪರೀಕ್ಷಿಸಿ. ಅಲ್ಲಿಯೂ ಸರಿ ಇದ್ದರೆ ಕಾರನ್ನು ಪಕ್ಕಕ್ಕಿಟ್ಟು, ಬೇರೆ 12 ವೋಲ್ಟ್ ಬ್ಯಾಟರಿಯಿಂದ ಟ್ರೇಲರ್ ಪ್ಲಗ್‌ಗೆ ನೇರವಾಗಿ ಕರೆಂಟ್ ಕೊಟ್ಟು ನೋಡಿ. ತಂತಿಯ ನಡುವೆ ಒಂದು ಫ್ಯೂಸ್ ಇರಲಿ.

ಸದ್ದಿನ ತೊಂದರೆಗೂ ಇದೇ ಕ್ರಮ. ಟ್ರೇಲರ್ ಇಲ್ಲದೆ ಅದೇ ಹಂಪ್ ಮೇಲೆ ಹೋಗಿ ಬನ್ನಿ. ಆಗಲೂ ಸದ್ದು ಬಂದರೆ ಹಿಚ್ ಕಾರಿಗೆ ಸರಿಯಾಗಿ ಕೂತಿಲ್ಲ ಎಂದು ಅರ್ಥ. ಟ್ರೇಲರ್ ಕಟ್ಟಿದಾಗ ಮಾತ್ರ ಬಂದರೆ ಬಾಲ್ (ಹಿಚ್‌ನ ತುದಿಯ ಉಕ್ಕಿನ ಗುಂಡು) ಮತ್ತು ಕಪ್ಲರ್ (ಟ್ರೇಲರ್ ಮೂತಿಯಲ್ಲಿ ಆ ಗುಂಡನ್ನು ಹಿಡಿಯುವ ಬಟ್ಟಲು) ನಡುವೆ ಹುಡುಕಬೇಕು. ಇಷ್ಟು ಮಾಡದೆ ಬಲ್ಬ್, ಸಾಕೆಟ್, ಫ್ಲಾಷರ್ ಎಂದು ಒಂದೊಂದೇ ಬದಲಿಸುತ್ತ ಹೋದರೆ ಹಣವೂ ಹೋಗುತ್ತದೆ, ದೋಷವೂ ಹಾಗೆಯೇ ಉಳಿಯುತ್ತದೆ.

ದೀಪಗಳು: ಅರ್ತ್ ನೋಡದೆ ಮುಂದೆ ಹೋಗಬೇಡಿ

ಏಳು ಪಿನ್ನಿನ ದುಂಡು ಸಾಕೆಟ್‌ನಲ್ಲಿ ಯಾವ ಪಿನ್ ಯಾವುದಕ್ಕೆ ಎಂಬುದು ಅಂತರರಾಷ್ಟ್ರೀಯ ಮಾನದಂಡದಲ್ಲಿ ನಿಗದಿಯಾಗಿದೆ. ಒಂದು ಎಡ ಇಂಡಿಕೇಟರ್, ಎರಡು ಹಿಂದಿನ ಮಂಜು ದೀಪ, ಮೂರು ಅರ್ತ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ), ನಾಲ್ಕು ಬಲ ಇಂಡಿಕೇಟರ್, ಐದು ಬಲ ಟೈಲ್ ಲ್ಯಾಂಪ್, ಆರು ಬ್ರೇಕ್, ಏಳು ಎಡ ಟೈಲ್ ಲ್ಯಾಂಪ್. ತಂತಿಗಳ ಬಣ್ಣವೂ ಕ್ರಮವಾಗಿ ಹಳದಿ, ನೀಲಿ, ಬಿಳಿ, ಹಸಿರು, ಕಂದು, ಕೆಂಪು, ಕಪ್ಪು ಆಗಿರಬೇಕು. ಆದರೆ ಇಲ್ಲಿ ಕೈಯಲ್ಲಿ ಕಟ್ಟಿದ ವೈರಿಂಗ್‌ನಲ್ಲಿ ಅಂಗಡಿಯಲ್ಲಿ ಆ ದಿನ ಯಾವ ಬಣ್ಣದ ತಂತಿ ಸುರುಳಿ ಇತ್ತೋ ಅದನ್ನೇ ಎಳೆದಿರುತ್ತಾರೆ. ಬಣ್ಣ ನೋಡಿ ಊಹಿಸಬೇಡಿ; ಸಾಕೆಟ್‌ನ ಒಳಮೈಯಲ್ಲಿ ಕೊರೆದಿರುವ ಸಂಖ್ಯೆಯನ್ನು ನಂಬಿ.

ಟ್ರೇಲರ್ ದೀಪದ ವಿಚಿತ್ರ ವರ್ತನೆಗಳಲ್ಲಿ ಹೆಚ್ಚಿನವಕ್ಕೆ ಅರ್ತ್ ದೋಷವೇ ಕಾರಣ. ಬ್ರೇಕ್ ದೀಪದ ಕರೆಂಟ್ ಬಲ್ಬಿನ ಮೂಲಕ ಹಾದು ಅರ್ತ್ ಮೂಲಕ ವಾಪಸ್ ಹೋಗಬೇಕು. ಆ ದಾರಿ ಕಟ್ಟಿಕೊಂಡರೆ, ಕಾಲುವೆ ಮುಚ್ಚಿದಾಗ ನೀರು ಪಕ್ಕದ ಗದ್ದೆಗೆ ನುಗ್ಗುವಂತೆ, ಕರೆಂಟ್ ಪಕ್ಕದ ಬಲ್ಬಿನ ತಂತುವನ್ನು ಹಿಡಿದು ಹಿಮ್ಮುಖವಾಗಿ ಕಾರಿನತ್ತ ಹರಿಯುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮತ್ತು ಟೈಲ್ ಲ್ಯಾಂಪ್ ಮಂಕಾಗಿ ಉರಿಯುವುದು, ಇಂಡಿಕೇಟರ್ ಹಾಕಿದಾಗ ಟೈಲ್ ಲ್ಯಾಂಪ್ ಜೊತೆಗೇ ಮಿನುಗುವುದು, ಹೆಡ್‌ಲೈಟ್ ಹಾಕಿದ ಕೂಡಲೇ ಬ್ರೇಕ್ ದೀಪ ಸೊರಗುವುದು, ಇವೆಲ್ಲಕ್ಕೂ ಮೂಲ ಇದೇ.

ಎಲ್ಲಿ ಕಡಿದಿದೆ ಎಂದು ಲಕ್ಷಣವೇ ಹೇಳುತ್ತದೆ. ಎರಡೂ ಬದಿಯ ದೀಪಗಳು ಹೀಗೆ ಆಡಿದರೆ ಮೂರನೇ ಪಿನ್ ಅಥವಾ ಅದರ ಮುಖ್ಯ ಅರ್ತ್ ತಂತಿ ನೋಡಿ. ಒಂದೇ ಬದಿಯಲ್ಲಿ ಆಡಿದರೆ ಆ ಬದಿಯ ದೀಪದ ಪೆಟ್ಟಿಗೆ ಟ್ರೇಲರ್ ಚೌಕಟ್ಟಿಗೆ ಸೇರುವ ಬೋಲ್ಟ್ ನೋಡಿ. ಇನ್ನೊಂದು ಲಕ್ಷಣ ಬಹಳ ಮಂದಿಯನ್ನು ದಾರಿ ತಪ್ಪಿಸುತ್ತದೆ: ದೀಪಗಳು ನಿಂತಲ್ಲಿ ಸರಿಯಾಗಿ ಉರಿಯುತ್ತವೆ, ಹಂಪ್ ದಾಟುವಾಗ ಆರಿ ಮತ್ತೆ ಹತ್ತುತ್ತವೆ. ಅರ್ತ್ ತಂತಿ ಯಾವತ್ತೋ ಕಡಿದುಹೋಗಿದೆ. ಹಿಚ್ ಬಾಲ್ ಮತ್ತು ಕಪ್ಲರ್ ಲೋಹಕ್ಕೆ ಲೋಹ ತಾಗಿ ಅರ್ತ್‌ನ ಕೆಲಸ ಮಾಡುತ್ತಿವೆ. ಬಾಲ್‌ಗೆ ಗ್ರೀಸ್ ಹಚ್ಚಿದ ಮರುದಿನವೇ ದೀಪ ಹೋಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಹೋಗುವುದು ಮೂರನೇ ಪಿನ್ನಿಗೆ.

ಪರೀಕ್ಷೆ ಸುಲಭ. ಟ್ರೇಲರ್ ಚೌಕಟ್ಟಿನ ಬಣ್ಣ ಕೆರೆದ ಒಂದು ಜಾಗದಿಂದ ಕಾರಿನ ತಳದ ಬರಿ ಲೋಹಕ್ಕೆ ಉದ್ದ ತಂತಿಯನ್ನು ಕ್ಲಿಪ್ ಮಾಡಿ. ದೀಪಗಳು ಸರಿಹೋದರೆ ಮುಖ್ಯ ಅರ್ತ್ ಹೋಗಿದೆ ಎಂಬುದು ಖಚಿತ. ಇನ್ನೂ ನಿಖರವಾಗಿ ಬೇಕಿದ್ದರೆ ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಮೊನೆಯನ್ನು ಕಾರಿನ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಮೊನೆಯನ್ನು ಟ್ರೇಲರ್ ಬಲ್ಬಿನ ಅರ್ತ್ ತುದಿಗೆ ಹಿಡಿಯಿರಿ. 0.2 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. 0.5 ದಾಟಿದರೆ ದಾರಿಯಲ್ಲೆಲ್ಲೋ ತುಕ್ಕು ಇದೆ. ದೀಪ ಆರಿಸಿ ಅಳೆದರೆ ಏನೂ ಗೊತ್ತಾಗುವುದಿಲ್ಲ. ಒಂದೇ ಎಳೆ ಉಳಿದ ತಂತಿಯಲ್ಲೂ ಮೀಟರ್ ಎಲ್ಲ ಸರಿ ಎಂದೇ ತೋರಿಸುತ್ತದೆ, ಆದರೆ ಆ ಒಂದು ಎಳೆ ಬಲ್ಬಿನ ಕರೆಂಟ್ ಹೊರಲಾರದು. ಟೆಸ್ಟ್ ಲ್ಯಾಂಪ್‌ಗೂ 21 ವ್ಯಾಟ್ ಬಲ್ಬೇ ಇರಲಿ ಎಂದದ್ದು ಇದಕ್ಕಾಗಿಯೇ.

ಕಳೆದ ಮಳೆಗಾಲದಲ್ಲಿ ಸಾಮಾನು ಸಾಗಿಸುವ ಒಂದು ಪುಟ್ಟ ಟ್ರೇಲರ್ ಬಂದಿತ್ತು. "ಬ್ರೇಕ್ ಒತ್ತಿದರೆ ಎಡಗಡೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ ಸರ್. ಬಲ್ಬ್ ಬದಲಿಸಿದೆ, ಸಾಕೆಟ್ಟೂ ಹೊಸದು ಹಾಕಿಸಿದೆ" ಎಂದರು ಮಾಲೀಕರು. ಬಲಗಡೆ ಸರಿ ಇತ್ತು. ಹಾಗಾಗಿ ನೇರ ಎಡ ದೀಪದ ಹಿಂದಿನ ಬೋಲ್ಟಿಗೆ ಹೋದೆ. ಮೀಟರ್ ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿತು. ನಟ್ ಬಿಚ್ಚಿದಾಗ ಅರ್ತ್ ತಂತಿಯ ಉಂಗುರದ ಕೆಳಗೆ ದಪ್ಪ ಪೌಡರ್ ಪೇಂಟ್ ಹಾಗೆಯೇ ಇತ್ತು. ಫ್ಯಾಬ್ರಿಕೇಷನ್‌ನವರು ಬಣ್ಣ ಒಣಗಿದ ಮೇಲೆ ಅದರ ಮೇಲೆಯೇ ಬಿಗಿದಿದ್ದರು. ಇಷ್ಟು ದಿನ ಕರೆಂಟ್ ಹಾದದ್ದು ಬೋಲ್ಟಿನ ಸುರುಳಿ ಎಳೆಗಳ (ಥ್ರೆಡ್) ಮೂಲಕ. ಮಳೆಯ ನೀರು ಇಳಿದು ಎಳೆಗಳಿಗೆ ತುಕ್ಕು ಹಿಡಿದ ಮೇಲೆ ಆ ದಾರಿಯೂ ಮುಚ್ಚಿತು. ಉಂಗುರದಷ್ಟೇ ಅಗಲಕ್ಕೆ ಬಣ್ಣ ಕೆರೆದು, ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿದೆ. ಮೀಟರ್ 0.1ಕ್ಕಿಂತ ಕೆಳಗಿಳಿಯಿತು. ಹೊಸ ಬಲ್ಬಿನಿಂದಾಗಲಿ ಸಾಕೆಟ್‌ನಿಂದಾಗಲಿ ಆಗಬೇಕಾದ್ದು ಏನೂ ಇರಲಿಲ್ಲ.

ತಂತಿ ಸೇರಿಸಿದ ಜಾಗಗಳನ್ನೂ ನೋಡಿ. ಕಾರಿನ ಮೂಲ ತಂತಿಗೆ ಕಚ್ಚಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ ಕಂಡರೆ ನನಗೆ ಬೇಸರವಾಗುತ್ತದೆ. ಅದು ತಾಮ್ರದ ಕೆಲವು ಎಳೆಗಳನ್ನು ಕಡಿಯುತ್ತದೆ, ಉಳಿದವಕ್ಕೆ ನೀರು ಬಿಡುತ್ತದೆ. ಅಂಡರ್‌ಪಾಸ್‌ನಲ್ಲಿ ನಿಂತ ನೀರು ದಾಟಿದ ಕಾರಿನಲ್ಲಿ ಈ ಕ್ಲಿಪ್ಪಿನ ಒಳಗೆ ಹಸಿರು ಪುಡಿ ಕೂತಿರುತ್ತದೆ. ತಂತಿಯ ಹೊದಿಕೆ ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಆಮೇಲೆ ಕ್ರಿಂಪ್ ಮಾಡಿ (ಲೋಹದ ತೋಳಿನೊಳಗೆ ಒತ್ತಿ ಸೇರಿಸಿ), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ.

ಅರ್ತ್ ಸರಿ ಇದ್ದೂ ದೀಪ ಬರದಿದ್ದರೆ

ಮುಂದಿನ ಅನುಮಾನ ಕಾರಿನ ಕಂಪ್ಯೂಟರ್ ಮೇಲೆ. ಹಳೆಯ ಕಾರಿನಲ್ಲಿ ಬ್ರೇಕ್ ಸ್ವಿಚ್‌ನಿಂದ ಬಲ್ಬಿಗೆ ನೇರ ತಂತಿ ಹೋಗುತ್ತಿತ್ತು. ಈಗಿನ ಕಾರುಗಳಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆ ದೀಪಗಳಿಗೆ ಕರೆಂಟ್ ಕೊಡುತ್ತದೆ, ಎಷ್ಟು ಹರಿಯುತ್ತಿದೆ ಎಂದು ಗಮನಿಸುತ್ತಲೂ ಇರುತ್ತದೆ. ಲೆಕ್ಕ ನೋಡಿ: ಕಾರಿನ ಎರಡು ಬ್ರೇಕ್ ಬಲ್ಬ್, ಟ್ರೇಲರ್‌ನ ಎರಡು, ಒಟ್ಟು ನಾಲ್ಕು 21 ವ್ಯಾಟ್ ಬಲ್ಬುಗಳೆಂದರೆ 84 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ 7 ಆಂಪಿಯರ್. ಕಾರಿಗೆ ಎಲ್‌ಇಡಿ ದೀಪಗಳಿದ್ದರೆ ಮಾಡ್ಯೂಲ್ ನಿರೀಕ್ಷಿಸುವುದು ಇದರ ಒಂದು ಸಣ್ಣ ಭಾಗವನ್ನಷ್ಟೇ. ಹೆಚ್ಚು ಎಳೆದಾಗ ಅದು ಶಾರ್ಟ್ ಎಂದು ಭಾವಿಸಿ ಆ ಸಾಲನ್ನೇ ಮುಚ್ಚುತ್ತದೆ. ಆಗ ಕಾರಿನ ಬ್ರೇಕ್ ದೀಪವೂ ಹೋಗಬಹುದು. ಇದು ಪ್ರಾಣಾಪಾಯದ ಮಾತು. ಕೆಲವೊಮ್ಮೆ ಇಂಜಿನ್ ಆಫ್ ಮಾಡಿ ಮತ್ತೆ ಹಾಕಿದಾಗ ಸರಿಹೋಗುತ್ತದೆ, ಮತ್ತೆ ಒಂದೆರಡು ಬ್ರೇಕ್‌ಗೆ ಕೈಕೊಡುತ್ತದೆ. ಈ ಸರಿಹೋಗಿ ಕೆಡುವ ಗುಣವೇ ಮಾಡ್ಯೂಲ್ ತನ್ನನ್ನು ರಕ್ಷಿಸಿಕೊಳ್ಳುತ್ತಿದೆ ಎಂಬುದರ ಗುರುತು.

ಪರಿಹಾರ ಒಂದೇ: ಟ್ರೇಲರ್ ದೀಪಗಳಿಗೆ ಕರೆಂಟನ್ನು ಬ್ಯಾಟರಿಯಿಂದ ಫ್ಯೂಸ್ ಹಾಕಿದ ಪ್ರತ್ಯೇಕ ತಂತಿಯಲ್ಲಿ ತಂದು, ಕಾರಿನ ದೀಪದ ತಂತಿಯಿಂದ ಸಂಕೇತವನ್ನಷ್ಟೇ ಪಡೆಯುವ ಟ್ರೇಲರ್ ಮಾಡ್ಯೂಲ್ ಹಾಕಬೇಕು. ಹಿಚ್‌ಗೆ ಬಜೆಟ್ ಮಾಡುವಾಗ ಇದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಮೀಟರ್‌ನಲ್ಲಿ ಟೈಲ್ ಲ್ಯಾಂಪ್ ಪಿನ್ 3 ವೋಲ್ಟ್, 4 ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಕೆಲವು ಕಾರುಗಳು ಒಂದೇ ದೀಪವನ್ನು ಟೈಲ್‌ಗೂ ಬ್ರೇಕ್‌ಗೂ ಬಳಸುತ್ತವೆ. ಮಂಕು ಬೆಳಕಿಗಾಗಿ ಕರೆಂಟನ್ನು ಬಹು ವೇಗವಾಗಿ ಕಡಿದು ಕಡಿದು ಕೊಡುತ್ತವೆ. ಮೀಟರ್ ಅದರ ಸರಾಸರಿಯನ್ನು ತೋರಿಸುತ್ತದೆ. ಅಂಥ ತಂತಿಗೆ ಮಾಮೂಲಿ ರಿಲೇ ಹಾಕಿದರೆ ಅದು ಕಟಕಟನೆ ಬಡಿದುಕೊಳ್ಳುತ್ತದೆ. ಕಡಿದು ಬರುವ ಸಂಕೇತವನ್ನು ಅರ್ಥಮಾಡಿಕೊಳ್ಳುವ ಮಾಡ್ಯೂಲನ್ನೇ ಕೇಳಿ ಕೊಳ್ಳಿ.

ಆನ್‌ಲೈನ್‌ನಲ್ಲಿ ತರಿಸಿದ ನಾಲ್ಕು ತಂತಿಯ ಚಪ್ಪಟೆ ಪ್ಲಗ್‌ನದು ಬೇರೆಯೇ ಕಥೆ. ಅದು ಅಮೆರಿಕದ ಪದ್ಧತಿ. ಅಲ್ಲಿ ಟ್ರೇಲರ್‌ನ ಒಂದೇ ಕೆಂಪು ದೀಪ ಬ್ರೇಕ್ ಕೆಲಸವನ್ನೂ ಇಂಡಿಕೇಟರ್ ಕೆಲಸವನ್ನೂ ಮಾಡುತ್ತದೆ. ಬ್ರೇಕ್‌ಗೆ ಪ್ರತ್ಯೇಕ ತಂತಿಯೇ ಇರುವುದಿಲ್ಲ. ನಮ್ಮಲ್ಲಿ ಇಂಡಿಕೇಟರ್ ಬೇರೆ, ಬ್ರೇಕ್ ಬೇರೆ. ಎರಡನ್ನೂ ಬೆಸೆದರೆ ತಿರುವಿನಲ್ಲಿ ಬ್ರೇಕ್ ಹಾಕಿದಾಗ ದೀಪಗಳು ಗೊಂದಲ ಮಾಡುತ್ತವೆ. ಆ ಕಿಟ್ ಬಿಚ್ಚಿ ಏಳು ಪಿನ್ನಿನದು ಹಾಕುವುದೇ ಸರಿ.

ಫ್ಯೂಸ್ ತಿರುವಿನಲ್ಲಿ ಅಥವಾ ರಿವರ್ಸ್‌ನಲ್ಲಿ ಮಾತ್ರ ಹೋಗುತ್ತಿದ್ದರೆ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ ಅಥವಾ ಉಜ್ಜುತ್ತಿದೆ. ಖಾಲಿ ಮೈದಾನದಲ್ಲಿ ಎರಡೂ ಕಡೆಗೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ನಿಧಾನವಾಗಿ ಓಡಿಸಿ, ಇನ್ನೊಬ್ಬರು ಪಕ್ಕದಲ್ಲಿ ನಡೆಯುತ್ತ ಕೇಬಲ್ ನೋಡಲಿ. ಬಿಗಿಯೂ ಆಗಬಾರದು, ಜೋತುಬಿದ್ದು ಹಂಪ್‌ಗೂ ತಾಗಬಾರದು. ಹೋದ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸ್ ಹಾಕಬೇಡಿ. ಮುಂದಿನ ಬಾರಿ ಕರಗುವುದು ತಂತಿ.

ಹಂಪ್ ಮೇಲಿನ ಸದ್ದು

ಮೊದಲು ವರ್ನಿಯರ್ ತೆಗೆದುಕೊಂಡು ಬಾಲ್ ಅಳೆಯಿರಿ. ನಮ್ಮಲ್ಲಿ ಸಿಗುವ ಕಪ್ಲರ್‌ಗಳು ಹೆಚ್ಚಾಗಿ 50 ಮಿಲಿಮೀಟರ್ ಬಾಲ್‌ಗೆ ಮಾಡಿದವು. ಎರಡು ಇಂಚಿನ ಅಮೆರಿಕನ್ ಬಾಲ್ 50.8 ಮಿಲಿಮೀಟರ್, 50ರ ಕಪ್ಲರ್‌ಗೆ ಬಿಗಿಯಾಗಿ ಕೂತು ಲಾಕ್ ಪೂರ್ತಿ ಮುಚ್ಚದೆ ಇರಬಹುದು. 1⅞ ಇಂಚಿನದು 47.6 ಮಿಲಿಮೀಟರ್, ಇದು ನಿಜಕ್ಕೂ ಅಪಾಯಕಾರಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಲಾಕ್ ಕೂಡ ಬೀಳುತ್ತದೆ, ಒಂದು ದೊಡ್ಡ ಗುಂಡಿಗೆ ಟ್ರೇಲರ್ ಮೇಲೆ ಹಾರಿ ಕಳಚಿಕೊಳ್ಳುತ್ತದೆ. ಸರಿಯಾದ ಅಳತೆಯ ಬಾಲ್ ಕೂಡ ಸವೆದು 49 ಮಿಲಿಮೀಟರ್‌ಗೆ ಇಳಿದರೆ ಬದಲಿಸಲೇಬೇಕು. ಸವೆತ ಎಲ್ಲ ಕಡೆ ಸಮನಾಗಿರುವುದಿಲ್ಲ. ಮುಂದು ಹಿಂದಿನ ದಿಕ್ಕಿನಲ್ಲಿ ಅಳೆದು ನೋಡಿ.

ಕಪ್ಲರ್ ಲಾಕ್ ಮಾಡಿದ ಮೇಲೆ ಟ್ರೇಲರ್ ಮೂತಿ ಮೇಲೇಳುವಂತೆ ಅದರ ಜಾಕನ್ನು ತಿರುಗಿಸಿ. ಟ್ರೇಲರ್ ಜೊತೆಗೆ ಕಾರಿನ ಹಿಂಭಾಗವೂ ಏಳಬೇಕು. ಕಪ್ಲರ್ ಒಂದೇ ಎದ್ದರೆ ಲಾಕ್ ಆಗಿಲ್ಲ. ಪ್ರತಿ ಬಾರಿ ಟ್ರೇಲರ್ ಕಟ್ಟಿದಾಗಲೂ ಇದನ್ನು ಮಾಡಬೇಕು. ಸುರಕ್ಷತಾ ಸರಪಳಿಗಳನ್ನು ಕಪ್ಲರ್ ಕೆಳಗೆ ಗುಣಾಕಾರ ಚಿಹ್ನೆಯಂತೆ ಅಡ್ಡ ಹಾಯಿಸಿ ಹಾಕಿ. ಕಳಚಿದರೂ ಮೂತಿ ನೆಲಕ್ಕೆ ಚುಚ್ಚಿಕೊಳ್ಳದೆ ಸರಪಳಿಯ ಮೇಲೆ ನಿಲ್ಲುತ್ತದೆ.

ಚೌಕಾಕಾರದ ಕೊಳವೆಗೆ ತೂರಿಸುವ ಬಗೆಯ ಹಿಚ್ ಆದರೆ ಕೊಳವೆ ಮತ್ತು ಬಾರ್ ನಡುವಿನ ಸಡಿಲದಿಂದಲೂ ಟಣ್ ಸದ್ದು ಬರುತ್ತದೆ. ಅದು ಕಿರಿಕಿರಿಯಷ್ಟೇ, ಬಿಗಿ ಹಿಡಿಯುವ ಕ್ಲಾಂಪ್ ಹಾಕಿದರೆ ಹೋಗುತ್ತದೆ.

ಟ್ರೇಲರ್ ಇಲ್ಲದೆಯೂ ಸದ್ದು ಬಂದರೆ ಬೋಲ್ಟುಗಳು ಸಡಿಲವಾಗಿವೆ. ಅದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣಗಳು ಎರಡು. ಒಂದು, ಕಾರಿನ ತಳಕ್ಕೆ ಬಳಿದ ಕಪ್ಪು ಡಾಂಬರಿನಂಥ ಲೇಪವನ್ನು ಕೆರೆಯದೆ ಅದರ ಮೇಲೆಯೇ ಹಿಚ್ ಬಿಗಿದಿರುವುದು. ಲೇಪ ಬಿಸಿಲಿಗೂ ಒತ್ತಡಕ್ಕೂ ಹಿಸುಕಿ ಹೊರಬರುತ್ತದೆ, ಬೋಲ್ಟಿನ ಬಿಗಿ ಹೋಗುತ್ತದೆ. ತಾಗುವ ಜಾಗದ ಲೇಪ ತೆಗೆದು ತೆಳುವಾಗಿ ತುಕ್ಕು ನಿರೋಧಕ ಬಣ್ಣ ಹಚ್ಚಿ ಮತ್ತೆ ಬಿಗಿಯಿರಿ. ಎರಡನೆಯದು ಇನ್ನೂ ಕೆಟ್ಟದ್ದು. ಕಾರಿನ ಸೈಡ್ ಮೆಂಬರ್, ಅಂದರೆ ತಳದ ಎರಡು ಬದಿಗೆ ಉದ್ದಕ್ಕೆ ಹೋಗುವ ತೊಲೆ, ತೆಳು ತಗಡಿನ ಟೊಳ್ಳು ಪೆಟ್ಟಿಗೆ. ಅದರ ಆರಪಾರ ಉದ್ದ ಬೋಲ್ಟ್ ತೂರಿಸಿ ಬಿಗಿದರೆ ಪೆಟ್ಟಿಗೆಯೇ ಒಳಕ್ಕೆ ಕುಸಿಯುತ್ತದೆ, ಬೋಲ್ಟ್ ಎಂದೂ ಬಿಗಿ ಹಿಡಿಯುವುದಿಲ್ಲ. ಒಳಗೆ ಬೋಲ್ಟಿನ ಸುತ್ತ ಉಕ್ಕಿನ ಕೊಳವೆ ಇರಬೇಕು. ಬಿಗಿತವೆಲ್ಲ ಆ ಕೊಳವೆಯ ಮೇಲೆ ಬೀಳಬೇಕು. ಕೊಳವೆ ಇಲ್ಲದೆ ಹಾಕಿದ್ದರೆ ಮತ್ತೆ ಮತ್ತೆ ಬಿಗಿಯುವುದನ್ನು ನಿಲ್ಲಿಸಿ, ಬಿಚ್ಚಿ ಸರಿಮಾಡಿಸಿ.

ಬೋಲ್ಟಿನ ತಲೆಯ ಮೇಲೆ ಅದರ ಬಲದ ದರ್ಜೆ ಹೇಳುವ 8.8 ಅಥವಾ 10.9 ಎಂಬ ಗುರುತು ಇರಬೇಕು. ಗುರುತಿಲ್ಲದ ಬೋಲ್ಟನ್ನು ಹಿಚ್‌ಗೆ ಬಳಸಬೇಡಿ. ಟಾರ್ಕ್ ಎಷ್ಟು ಎಂಬುದು ಹಿಚ್ ತಯಾರಕರು ಕೊಡುವ ಹಾಳೆಯಲ್ಲಿ ಇರುತ್ತದೆ. ಅಂಥ ಹಾಳೆಯೇ ಇಲ್ಲದ ಹಿಚ್ ಕೊಳ್ಳದಿರುವುದು ಲೇಸು. ಮೊದಲ ಬಾರಿ ಭಾರ ಎಳೆದು ಬಂದ ಮೇಲೆ ಎಲ್ಲ ಬೋಲ್ಟುಗಳಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ.

ಟ್ರೇಲರ್ ಬಾಲ ಬೀಸಿದರೆ

ಇದು ನಡೆಯುತ್ತಿರುವಾಗ ಏನು ಮಾಡಬೇಕೆಂಬುದು ಮೊದಲು ಗೊತ್ತಿರಲಿ. ಆಕ್ಸಿಲರೇಟರ್‌ನಿಂದ ಕಾಲು ನಿಧಾನವಾಗಿ ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ. ಬೀಸಿದ ಕಡೆಗೆಲ್ಲ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಜೋರಾಗಿ ಬ್ರೇಕ್ ಒತ್ತಬೇಡಿ. ವೇಗ ಹೆಚ್ಚಿಸಿ ನೇರ ಮಾಡಬಹುದು ಎಂಬ ಸಲಹೆಯನ್ನು ಕೇಳಲೇಬೇಡಿ. ನಿಂತ ಮೇಲೆ ಕಾರಣ ಹುಡುಕೋಣ.

ಕಾರಣ ಸಾಮಾನ್ಯವಾಗಿ ಮೂತಿಯ ಭಾರ. ಕಪ್ಲರ್ ಬಾಲ್ ಮೇಲೆ ಒತ್ತುವ ತೂಕ ಕಡಿಮೆಯಾದರೆ ಟ್ರೇಲರ್ ತನ್ನ ಅಚ್ಚಿನ ಸುತ್ತ ತೂಗಾಡಲು ಶುರುಮಾಡುತ್ತದೆ. ಒಟ್ಟು ತೂಕದ ಸುಮಾರು ಹತ್ತರಲ್ಲಿ ಒಂದು ಪಾಲು ಮೂತಿಯ ಮೇಲಿರಲಿ, ಆದರೆ ಹಿಚ್‌ನ ಫಲಕದಲ್ಲಿ ಬರೆದ ಮಿತಿ ದಾಟದಿರಲಿ. ಅಳೆಯುವುದು ಹೀಗೆ: ಟ್ರೇಲರ್‌ಗೆ ಸಾಮಾನು ತುಂಬಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಹಿಚ್ ಬಾಲ್‌ನ ಎತ್ತರಕ್ಕೆ ಕತ್ತರಿಸಿದ ಮರದ ಕಂಬವನ್ನು ಮನೆಯ ತೂಕದ ಯಂತ್ರದ ಮೇಲೆ ಇಟ್ಟು ಕಪ್ಲರನ್ನು ಅದರ ಮೇಲೆ ಇಳಿಸಿ. ಬೈಕ್ ಒಯ್ಯುವವರು ಬೈಕನ್ನು ಸ್ವಲ್ಪವೇ ಮುಂದಕ್ಕೆ ಸರಿಸಿ ಕಟ್ಟಿದರೂ ಯಂತ್ರದ ಮುಳ್ಳು ಎಷ್ಟು ಓಡುತ್ತದೆ ಎಂದು ನೋಡಿದರೆ ಅಚ್ಚರಿಪಡುತ್ತಾರೆ.

ಮೂತಿಯ ಭಾರ ಹೆಚ್ಚಾದರೂ ಕಷ್ಟವೇ. ನಾಲ್ಕು ಮೀಟರ್ ಒಳಗಿನ ಹಲವು ಎಸ್‌ಯುವಿಗಳ ವೀಲ್‌ಬೇಸ್ (ಮುಂದಿನ ಹಿಂದಿನ ಅಚ್ಚುಗಳ ನಡುವಿನ ದೂರ) 2500 ಮಿಲಿಮೀಟರ್. ಬಾಲ್ ಹಿಂದಿನ ಅಚ್ಚಿಗಿಂತ 800 ಮಿಲಿಮೀಟರ್ ಹಿಂದಿದ್ದರೆ, 40 ಕಿಲೋ ಮೂತಿಯ ಭಾರ ಹಿಂದಿನ ಚಕ್ರಗಳ ಮೇಲೆ ಸುಮಾರು 53 ಕಿಲೋ ಹೇರಿ, ಮುಂದಿನ ಚಕ್ರಗಳಿಂದ 13 ಕಿಲೋ ಕಳೆಯುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ. ಎದುರಿನಿಂದ ಬರುವವರೆಲ್ಲ ಲೈಟ್ ಮಿನುಗಿಸುತ್ತಿದ್ದರೆ ಅದನ್ನೂ ಒಂದು ಲಕ್ಷಣವೆಂದೇ ತಿಳಿಯಿರಿ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ ಹಿಂದಿನ ಅಚ್ಚು ಮೊದಲೇ ಭಾರ ಹೊತ್ತಿರುತ್ತದೆ.

ಭಾರ ಸರಿ ಇದ್ದೂ ಬೀಸಿದರೆ ಟ್ರೇಲರ್ ಟೈರಿನ ಗಾಳಿ ನೋಡಿ, ನಂತರ ಎತ್ತರ. ಯುರೋಪಿನ ನಿಯಮದಲ್ಲಿ ಭಾರ ತುಂಬಿದ ಕಾರಿನ ಬಾಲ್‌ನ ಮಧ್ಯಬಿಂದು ನೆಲದಿಂದ 350ರಿಂದ 420 ಮಿಲಿಮೀಟರ್ ಎತ್ತರದಲ್ಲಿರಬೇಕು. ಎಸ್‌ಯುವಿಯ ಎತ್ತರಕ್ಕೆ ಕಣ್ಣಳತೆಯಲ್ಲಿ ಮಾಡಿಸಿದ ಹಿಚ್ ಇದಕ್ಕಿಂತ ಮೇಲಿರುತ್ತದೆ, ಟ್ರೇಲರ್ ಮೂತಿ ಎತ್ತಿ ನಿಲ್ಲುತ್ತದೆ. ಕೆಳಕ್ಕೆ ಬಾಗಿದ ಬಾಲ್ ಮೌಂಟ್ ಹಾಕಿ ಟ್ರೇಲರನ್ನು ಮಟ್ಟಕ್ಕೆ ತನ್ನಿ.

ಆಯ್ಕೆಯ ದಿನದ ದೋಷಗಳು

ಇಲ್ಲಿಯವರೆಗಿನವನ್ನು ಸರಿಪಡಿಸಬಹುದು. ಕೆಲವನ್ನು ಸರಿಪಡಿಸಲಾಗದು, ಹಿಚ್ಚನ್ನೇ ತೆಗೆಯಬೇಕಾಗುತ್ತದೆ. ಥಾರ್, ಬೊಲೆರೊ, ಜಿಮ್ನಿಯಂಥ ಕೆಲವನ್ನು ಬಿಟ್ಟರೆ ನಮ್ಮ ಸಣ್ಣ ಎಸ್‌ಯುವಿಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಚಾಸಿ. ಬಂಪರ್ ಹಿಂದಿನ ಅಡ್ಡಪಟ್ಟಿಗೆ ಅಥವಾ ಸ್ಟೆಪ್ನಿ ಇಡುವ ತಗಡಿನ ತೊಟ್ಟಿಗೆ ಹಿಚ್ ವೆಲ್ಡ್ ಮಾಡಿಸಿದ್ದರೆ, ಡಿಕ್ಕಿಯ ಕಾರ್ಪೆಟ್ ಎತ್ತಿ ವೆಲ್ಡಿನ ಅಂಚಿನಲ್ಲಿ ಬೆಳಕು ಹಾಯಿಸಿ ನೋಡಿ. ಕೂದಲೆಳೆಯಂಥ ಬಿರುಕು, ಅದರ ಸುತ್ತ ತುಕ್ಕಿನ ಕಂದು ಗೆರೆ ಕಂಡರೆ ಅಂದೇ ಟ್ರೇಲರ್ ಎಳೆಯುವುದನ್ನು ನಿಲ್ಲಿಸಬೇಕು. ಬಿರುಕಿನ ಮೇಲೆ ಮತ್ತೆ ವೆಲ್ಡ್ ಮಾಡಿಸುವುದು ಪರಿಹಾರವಲ್ಲ. ಪೀಣ್ಯದಲ್ಲಿ ಅದ್ಭುತ ಕೆಲಸಗಾರರಿದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಎಲ್ಲಿ ಬಿಗಿಯಬೇಕು ಎಂಬುದನ್ನು ಕಾರು ತಯಾರಿಸಿದವರ ನಕ್ಷೆ ಹೇಳಬೇಕು, ವೆಲ್ಡರ್‌ನ ಅನುಭವ ಅಲ್ಲ. ಬಂಪರ್‌ನಲ್ಲಿ ತಿರುಗಿಸಿ ಹಾಕುವ ಎಳೆಯುವ ಕೊಕ್ಕೆಯೂ ಕೆಟ್ಟು ನಿಂತ ಕಾರನ್ನು ಎಳೆಸಿಕೊಳ್ಳಲು ಕೊಟ್ಟದ್ದು. ಟ್ರೇಲರ್ ಕಟ್ಟಲು ಅಲ್ಲ.

ಆದ್ದರಿಂದ ಕಾರಿನ ಕೈಪಿಡಿ ಮೊದಲು ತೆರೆಯಿರಿ. ಈ ವಾಹನ ಟ್ರೇಲರ್ ಎಳೆಯಲು ಅಲ್ಲ ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯಿತು. ತೂಕ ಕೊಟ್ಟಿದ್ದರೆ ಅದು ಬ್ರೇಕ್ ಇರುವ ಟ್ರೇಲರ್‌ಗೋ ಇಲ್ಲದ್ದಕ್ಕೋ ನೋಡಿ. ವ್ಯತ್ಯಾಸ ಎಷ್ಟಿರುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಮೂರು ಬಾಗಿಲಿನ ಜಿಮ್ನಿ ಉದಾಹರಣೆ: ಬ್ರೇಕ್ ಇರುವ ಟ್ರೇಲರ್‌ಗೆ 1300 ಕಿಲೋ, ಇಲ್ಲದ್ದಕ್ಕೆ 350. ಹೊರದೇಶದ ಅಂಕಿಯನ್ನು ಇಲ್ಲಿನ ಕಾರಿಗೆ ಅನ್ವಯಿಸಿಕೊಳ್ಳಬಾರದು. ಇಂಜಿನ್, ಗೇರ್‌ಬಾಕ್ಸ್, ತಂಪು ಮಾಡುವ ವ್ಯವಸ್ಥೆ ಬೇರೆ ಇರಬಹುದು. ಫ್ಲೈಓವರ್ ಏರಿನಲ್ಲಿ ನಿಂತು ನಿಂತು ಹೋಗುವಾಗ ಕ್ಲಚ್ ಸುಟ್ಟ ವಾಸನೆ ಬಂದರೆ ಕಾರು ತನ್ನ ಮಿತಿಯನ್ನು ತಾನೇ ಹೇಳುತ್ತಿದೆ.

ಹಿಂದಿನವರು ಗುದ್ದದಿರಲಿ ಎಂದು ಟ್ರೇಲರ್ ಇಲ್ಲದೆಯೂ ಹಿಚ್ ಹಾಕಿಸುವವರಿಗೆ ಒಂದು ಕಳಕಳಿಯ ಮಾತು. ಬಂಪರ್ ಮತ್ತು ಅದರ ಹಿಂದಿನ ಪೆಟ್ಟಿಗೆಗಳು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಲೆಂದೇ ಇವೆ. ಹಿಚ್ ಆ ಪೆಟ್ಟನ್ನು ನೇರ ಸೈಡ್ ಮೆಂಬರ್‌ಗೆ ದಾಟಿಸುತ್ತದೆ. ಬಂಪರ್ ಉಳಿಯಬಹುದು, ಕಾರಿನ ಬೆನ್ನೆಲುಬು ಬಾಗಬಹುದು. ಹಿಂದೆ ಬರುವ ಸ್ಕೂಟರ್ ಸವಾರರ ಮೊಣಕಾಲಿಗೂ ಆ ಬಾಲ್ ಅಪಾಯ. ಟ್ರೇಲರ್ ಕಟ್ಟದ ದಿನ ಬಾಲ್ ಕಳಚಿ ಡಿಕ್ಕಿಯಲ್ಲಿಡಿ. ರಿವರ್ಸ್ ಸೆನ್ಸರ್ ಸುಮ್ಮಸುಮ್ಮನೆ ಕೂಗುವ ದೂರಿಗೂ, ನಂಬರ್ ಪ್ಲೇಟ್ ಮರೆಯಾಗುವ ದೂರಿಗೂ ಇದೇ ಮದ್ದು.

ಕಾನೂನಿನ ಬದಿಯೂ ಆಯ್ಕೆಯ ದಿನವೇ ತೀರ್ಮಾನವಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರ ಮೇಲೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ಹೇಳುತ್ತದೆ. 61ನೇ ಸೆಕ್ಷನ್ ಪ್ರಕಾರ ಟ್ರೇಲರ್‌ಗೂ ನೋಂದಣಿ ಬೇಕು, ಎಳೆಯುವ ಕಾರಿನ ಸಂಖ್ಯೆ ಟ್ರೇಲರ್ ಮೇಲೂ ಕಾಣಬೇಕು. ಹಿಚ್ ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಕಾರಿನ ದಾಖಲೆಗಳ ಜೊತೆ ಇಡಿ.

ಹಳೆಯ ಹಿಚ್ ಇರುವ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಬಂಪರ್ ಬಿಚ್ಚಿಸಿ ನೋಡಲು ಅರ್ಧ ದಿನ ಎತ್ತಿಡಿ. ಫಲಕದಲ್ಲಿ ತಯಾರಕರ ಹೆಸರು ಮತ್ತು ತೂಕದ ಮಿತಿ ಇದೆಯೇ, ಬೋಲ್ಟುಗಳ ತಲೆಯಲ್ಲಿ ಗುರುತು ಇದೆಯೇ, ವೈರಿಂಗ್‌ನಲ್ಲಿ ನೀಲಿ ಕ್ಲಿಪ್ ಇದೆಯೇ, ಅರ್ತ್ ಉಂಗುರದ ಕೆಳಗೆ ಬಣ್ಣ ಇದೆಯೇ ಎಂಬುದನ್ನು ಕೈಯಲ್ಲಿ ಮುಟ್ಟಿ ನೋಡಿದ ಮೇಲೆ ಬೆಲೆ ಮಾತಾಡಿ.